ಬೀರದೆ ಉಳಿದ ಬುತ್ತಿ

ಡಿಸೆಂಬರ್ 11, ಗುರುವಾರ

ಸೂಜಿ ಆಯಿತು. ಹೊಕ್ಕುಳದ ಎಡಕ್ಕೆ. ಹೋದ ವಾರ ಬಲಕ್ಕಿತ್ತು. ಅತ್ತೆ ದೇವರ ಮನೆಯಲ್ಲಿರುವಾಗಲೇ ಮುಗಿಸಿಬಿಡುತ್ತೇನೆ. ಕಂಡರೆ ಪ್ರತಿ ವಾರ ಒಂದೇ ಮಾತು — “ಹೊಟ್ಟಿ ಕರಗಸಾಕ ಹೊಟ್ಟಿಗೇ ಚುಚ್ಚಿಕೊಳ್ಳೂದು ನೋಡು. ನಮ್ಮ ಕಾಲಕ್ಕ ಬೀಸೂಕಲ್ಲು ಇತ್ತವಾ.” ಸಿಟ್ಟಲ್ಲ. ಅವರ ಚೇಷ್ಟೆಯೇ ಹಾಗೆ.

ಸೂಜಿಯ ಪೆನ್ನು ತಿರುಗಿ ಫ್ರಿಜ್‌ಗೆ. ಮೊಸರಿನ ಗಡಿಗೆಯ ಹಿಂದೆ.

ಸಿಂಚನಾ ಕಾಲಿಗೆ ಜೋತುಬಿದ್ದು ಎದೆಯತ್ತ ಕೈ ಚಾಚಿದಳು. ಹಾಲು ಬಿಡಿಸಿ ಇಷ್ಟು ದಿನವಾದರೂ ಮರೆತಿಲ್ಲ. ಡಾಕ್ಟರ್ ಯಾಸ್ಮಿನ ಸ್ಪಷ್ಟವಾಗಿ ಹೇಳಿದ್ದರು — ಕೂಸಿಗೆ ಹಾಲು ಕುಡಿಸುವವರೆಗೆ ಈ ಸೂಜಿ ಇಲ್ಲ. ಅವಸರವೂ ಇಲ್ಲ ಎಂದಿದ್ದರು. ಅವಸರ ನನ್ನದು. ಹಾಲು ಬಿಡಿಸಲು ಬೇವಿನ ಎಲೆ ಅರೆದು ಎದೆಗೆ ಹಚ್ಚಿಕೊಂಡಿದ್ದೆ. ಬಾಯಿ ಇಟ್ಟವಳು ಥಟ್ಟನೆ ಬಿಟ್ಟು ನನ್ನ ಮುಖ ನೋಡಿದಳಲ್ಲ...

ಸಾಕು. ಹಿಟ್ಟು ನಾದಬೇಕು.

ಡಿಸೆಂಬರ್ 14, ರವಿವಾರ — ಮಧ್ಯಾಹ್ನ, ಎಲ್ಲರೂ ಅಡ್ಡಾಗಿದ್ದಾರೆ

ಇವರು ಕಾಟಾ ಮೇಲೆ ನಿಲ್ಲಿಸಿ ನೋಡಿದರು. ಮುಳ್ಳು ಕದಲಿಲ್ಲ. “ಇನ್ನೂ ಹತ್ತಬೇಕಲ್ಲ ಔಷಧ, ತಡಿ ರಾಜಿ,” ಎಂದು ಸಮಾಧಾನ ಹೇಳಿದರು. ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದಿನವಿಡೀ ತೂಕವನ್ನೇ ನೋಡುವ ಮನುಷ್ಯ. ನನ್ನ ತೂಕ ನೋಡುವಾಗ ಮಾತ್ರ ಮುಖ ಆಚೆ ಮಾಡುತ್ತಾರೆ, ನನಗೆ ನಾಚಿಕೆಯಾಗದಿರಲಿ ಎಂದು.

ಔಷಧದ ತಪ್ಪಿಲ್ಲ. ಹಸಿವು ನಿಜಕ್ಕೂ ಸತ್ತಿದೆ. ಊಟಕ್ಕೆ ಕುಳಿತರೆ ಅರ್ಧ ರೊಟ್ಟಿಗೆ ಸಾಕೆನಿಸುತ್ತದೆ. ಅತ್ತೆ ನೋಡಿ ಕನಿಕರದಿಂದ ಇನ್ನೊಂದು ಚೂರು ಬೆಣ್ಣೆ ಹಾಕುತ್ತಾರೆ.

ಆದರೆ ನಿದ್ದೆ ಇಲ್ಲ. ಸಿಂಚನಾ ಅತ್ತು ಅತ್ತು ಮಲಗಿದ ಮೇಲೆ ಅವಳ ಮೂಗಿಗೆ ಬೆರಳು ಹಿಡಿಯುತ್ತೇನೆ. ಬಸಿರಿನಲ್ಲಿ ನನಗೆ ಶುಗರ್ ಬಂದು, ಹುಟ್ಟಿದವಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅಂದಿನಿಂದ ಈ ಚಾಳಿ. ಉಸಿರು ಬೆರಳಿಗೆ ತಾಗುತ್ತದೆ. ಆದರೂ ಎದೆಯ ಅಂಜಿಕೆ ಇಳಿಯುವುದಿಲ್ಲ. ಎದ್ದು ಕಾಳಿನ ಖೋಲಿಗೆ ಹೋಗುತ್ತೇನೆ. ಬಾಗಿಲ ಹಿಂದೆ ನಿಂತು — ಬಿಸ್ಕೀಟು, ಬೆಲ್ಲ, ಚುರುಮುರಿ, ಕೈಗೆ ಸಿಕ್ಕದ್ದು. ಬಾಯಿ ಆಡುತ್ತಿರುವ ತನಕ ಎದೆ ಸುಮ್ಮನಿರುತ್ತದೆ. ಹೊಟ್ಟೆ ಬೇಡ ಬೇಡ ಎನ್ನುತ್ತಿರುತ್ತದೆ. ಈಗೀಗ ಹಗಲು ಹೊತ್ತಿನಲ್ಲೂ.

ನಾಳೆಯಿಂದ ಇಲ್ಲ. ಸೂಜಿ ಹತ್ತಲೇಬೇಕು. ಹತ್ತದಿದ್ದರೆ ಅವಳ ಬಾಯಿಂದ ಹಾಲು ಕಿತ್ತದ್ದು ಯಾತಕ್ಕಾಗಿ?

ಡಿಸೆಂಬರ್ 21, ರವಿವಾರ

ಎಳ್ಳು ಅಮಾಸಿಗೆ ತವರು ಕನ್ನೊಳ್ಳಿಗೆ ಹೋಗಿ ಇಂದು ಬಂದೆ. ಅವ್ವ ಬುತ್ತಿ ಕಟ್ಟಿದ್ದಾಳೆ. ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೆಲ್ಲ ಹಾಕಿದ ಮಾದಲಿ ಪುಡಿ, ಅಗಸಿ ಹಿಂಡಿ ಚಟ್ನಿ. ದೊಡ್ಡ ಸ್ಟೀಲ್ ಡಬ್ಬಿ ತುಂಬಿ, ಮೇಲೆ ಬಿಳಿ ಪಂಚೆಯ ಗಂಟು. ತಾಳಿಕೋಟೆಯಲ್ಲಿ ಬಸ್ಸು ಬದಲಿಸುವಾಗ ಕೂಸು ಒಂದು ಕೈಯಲ್ಲಿ, ಗಂಟು ಒಂದು ಕೈಯಲ್ಲಿ. ಕಂಡಕ್ಟರ್ ನಕ್ಕ — “ತವರಮನಿ ಭಾರ ಆತೇನ್ರಿ ಅಕ್ಕಾರ.”

ಅವ್ವನ ಮಣಿಕಟ್ಟು ಬಾತಿದೆ. ಬಟ್ಟೆ ಸುತ್ತಿಕೊಂಡೇ ರೊಟ್ಟಿ ಬಡಿದಳು. ಬೇಡವೆಂದರೆ — “ಹೋದ ವರ್ಷ ನೀ ಬಾಣಂತಿ, ಓಣಿಗೆ ನಮ್ಮ ಬುತ್ತಿ ಮುಟ್ಟಲಿಲ್ಲ. ಈ ವರ್ಷನೂ ಇಲ್ಲಂದ್ರ ತಿಪ್ಪವ್ವಕ್ಕ ಏನಂದಾರು? ಓಣ್ಯಾನ ಮಂದಿ ಏನಂದಾರು?”

ತಿಪ್ಪವ್ವ — ಅತ್ತೆ — ಮನೆಯಲ್ಲಿಲ್ಲ. ಇಂಡಿಗೆ ಹೋಗಿದ್ದಾರೆ, ನಾದಿನಿಗೆ ಜ್ವರ. ಫೋನಿನಲ್ಲಿ ಹೇಳಿದರು: “ಗಂಟು ಬಿಚ್ಚಬ್ಯಾಡ. ನಾ ಬಂದ ಮ್ಯಾಲೆ ಇಬ್ಬರೂ ಕೂಡಿ ಮನಿಮನಿಗೆ ಬೀರೂಣು. ಮೊದಲ ತಾಟು ಜೋಹರಾಬಿ ಮನಿಗೆ.” ಜೋಹರಾಬಿ ಎದುರು ಮನೆಯ ಚಾಚಿ. ರಮ್ಜಾನಿನಲ್ಲಿ ಅವರ ಮನೆಯಿಂದ ಬರುವ ಶೀರಕುರ್ಮಾ ಇಡೀ ಓಣಿಗೆ ಮೊದಲು ನಮಗೆ.

ಗಂಟು ಕಾಳಿನ ಖೋಲಿಯಲ್ಲಿಟ್ಟೆ. ಬೇರೆ ಎಲ್ಲಿಡಲಿ.

ಡಿಸೆಂಬರ್ 23, ಮಂಗಳವಾರ

ಗಂಟು ಬಿಚ್ಚಿದೆ. ಒಂದೇ ಹೋಳಿಗೆ. ಬೂಸು ಹಿಡಿದಿದೆಯೇನೋ ನೋಡಬೇಕಲ್ಲ ಎಂದುಕೊಂಡು.

ಶೇಂಗಾ ಹೋಳಿಗೆಗೆ ಎರಡು ದಿನದಲ್ಲಿ ಬೂಸು ಹಿಡಿಯುತ್ತದೆಯೇ? ಬಿ.ಎಸ್ಸಿ. ಓದಿದವಳು ನಾನು.

ಡಿಸೆಂಬರ್ 24

ಇಂದೂ. ಸಿಂಚನಾಳ ಮೈ ಬೆಚ್ಚಗಿತ್ತು. ಜ್ವರವೇ, ಇಲ್ಲವೇ — ನಾಲ್ಕು ಸಲ ಥರ್ಮಾಮೀಟರ್ ಇಟ್ಟೆ. ಏನೂ ಇಲ್ಲ. ಏನೂ ಇಲ್ಲ ಎಂದ ಮೇಲೆ ಖೋಲಿಗೆ ಹೋದೆ.

ಮಾದಲಿ ಮುಷ್ಟಿ ಮುಷ್ಟಿ. ಬಾಯಿ ಒಣಗಿ ಕೆಮ್ಮು ಬಂತು. ಕೆಮ್ಮು ಕೇಳಿಸದಿರಲಿ ಎಂದು ಸೆರಗು ಬಾಯಿಗೆ. ತಿರುಗಿ ನೋಡಿದರೆ ಸಿಂಚನಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ನಕ್ಕಳು. ನಾನೂ ನಕ್ಕೆ. ಎತ್ತಿಕೊಂಡು ಬಂದೆ.

ಡಿಸೆಂಬರ್ 29, ಸೋಮವಾರ

ಅತ್ತೆ ಇಂಡಿಯಿಂದ ಬಂದರು. ಕೈಕಾಲು ತೊಳೆದವರೇ, “ತಾರವಾ ಗಂಟು. ತಾಟು ಒರಸೇನಿ,” ಎಂದರು.

ಡಬ್ಬಿಯ ತಳದಲ್ಲಿ ಮುರಿದ ರೊಟ್ಟಿ, ಹಿಂಡಿ, ಹಿಡಿ ಮಾದಲಿ.

ಮುಂಜಾನೆಯಿಂದ ಮನಸ್ಸಿನಲ್ಲೇ ತೀಡಿ ತೀಡಿ ಇಟ್ಟುಕೊಂಡ ಮಾತು ಬಾಯಿಂದ ಬಂತು — “ಅವ್ವಗ ಕೈ ಬ್ಯಾನಿರಿ. ಈ ಸಲ ಇಷ್ಟ ಆತ್ರಿ.”

ಅತ್ತೆ ಡಬ್ಬಿಯೊಳಗೆ ನೋಡಿದರು. ಡಬ್ಬಿಯ ಗಾತ್ರ ನೋಡಿದರು. “ಇಷ್ಟಕ್ಕ ಇಷ್ಟು ದೊಡ್ಡ ಡಬ್ಬಿ ಯಾಕ ಹೊರಿಸ್ಯಾಳ ನಿಮ್ಮವ್ವ, ಕೂಸು ಎತಗೊಂಡಾಕಿಗೆ?”

ಡಬ್ಬಿಯ ಮುಚ್ಚಳ ಹಾಕಿದೆ. ಅತ್ತೆ ಒರೆಸಿದ ತಾಟನ್ನು ಮತ್ತೆ ಗೂಡಿನಲ್ಲಿಟ್ಟರು. “ಇದನ್ನ ಬೀರಿದ್ರ ನಿಮ್ಮ ತವರಮನಿ ಮಾನ ಹೊಕ್ಕೈತಿ. ಬ್ಯಾಡ. ಮನ್ಯಾಗ ತಿನ್ನೂಣು.”

ಅವ್ವನ ಬಾತ ಕೈಯ ಮೇಲೆ ನಾನೇ ಸುಳ್ಳು ಹೊರಿಸಿದೆ.

ಜನವರಿ 4, ರವಿವಾರ

ಬಸವನ ಬಾಗೇವಾಡಿಗೆ ಹೋಗಿ ಬಂದೆವು, ಡಾಕ್ಟರ್ ಹತ್ತಿರ. ತೂಕ ಇಳಿದಿಲ್ಲ. ಸ್ವಲ್ಪ ಏರಿದೆ. ರಕ್ತದ ಸಕ್ಕರೆಯೂ ಅಂಚಿನಲ್ಲೇ ನಿಂತಿದೆ.

ಡಾಕ್ಟರ್ ಯಾಸ್ಮಿನ ನನ್ನದೇ ವಯಸ್ಸಿನವರಿರಬಹುದು. “ಊಟ ಹೆಂಗೈತ್ರಿ?” ಎಂದರು.

“ಅರ್ಧ ರೊಟ್ಟಿರಿ. ಮ್ಯಾಲೆ ಹೋಗೂದಿಲ್ಲ.”

“ನಡುವ ಏನರ? ಚಹಾದ ಕೂಡ, ಕೂಸಿನ ತಾಟಿನಾಗಿಂದು?”

“ಇಲ್ರಿ.”

ಇವರು ಪಕ್ಕದಿಂದ ಸಾಕ್ಷಿ ಹೇಳಿದರು — “ಖರೇನ್ರಿ ಮೇಡಂ. ಗುಬ್ಬಿ ತಿಂದಂಗ ತಿಂತಾಳ. ನೋಡಿ ನಮ್ಮವ್ವನೂ ಅಂಜ್ಯಾಳ.”

ಡಾಕ್ಟರ್ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆ ಹೊತ್ತಿನಲ್ಲಿ ಹೇಳಬಹುದಿತ್ತು. ನಾನು ಸಿಂಚನಾಳ ಟೊಪ್ಪಿಗೆ ಸರಿ ಮಾಡಿದೆ. ಅವರು ಡೋಸ್ ಏರಿಸಿ ಬರೆದರು.

ಬರುವಾಗ ಇವರು ಬೈಕ್ ಮೇಲೆ ಲೆಕ್ಕ ಹಾಕುತ್ತಿದ್ದರು. “ತಪ್ಪು ಸೂಜೀದು. ಕರೆಂಟ್ ಹೋದಾಗ ಅಂಗಡ್ಯಾಗ ಫ್ರಿಜ್ ಬಂದ್ ಬಿದ್ದಿರತೈತಿ. ಬಿಸಿ ಹತ್ತಿ ಕೆಟ್ಟ ಮಾಲು ಕೊಟ್ಟಾನ ಅಶ್ಫಾಕ. ಬಿಡೂದಿಲ್ಲ ಅವನ್ನ.”

ಅಶ್ಫಾಕ ಜೋಹರಾಬಿ ಚಾಚಿಯ ಮಗ. ಮೆಡಿಕಲ್ ಅಂಗಡಿ ಅವನದು. ಹಿಂದೆ ಕುಳಿತವಳು ಇವರ ಬೆನ್ನಿಗೆ ಮುಖ ಹಚ್ಚಿಕೊಂಡೆ. ಗಾಳಿಗೆ ಕಣ್ಣಲ್ಲಿ ನೀರು ಎಂದುಕೊಂಡಿರಬೇಕು ಅವರು.

ಜನವರಿ 6

ಜಗಳ ಆಗಿಯೇ ಹೋಯಿತು. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ. ಅಶ್ಫಾಕ ಐಸ್ ಪೆಟ್ಟಿಗೆ ತೆಗೆದು ತೋರಿಸಿದನಂತೆ, ಬ್ಯಾಟರಿ ತೋರಿಸಿದನಂತೆ. ಕೊನೆಗೆ, “ದುಂಡೇಶಣ್ಣಾ, ನಿಮ್ಮ ಕೂಸಿಗೆ ಹುಟ್ಟಿದಾಗಿಂದ ಔಷಧ ಕೊಟ್ಟಾಂವ ನಾನು,” ಎಂದಷ್ಟೇ ಹೇಳಿದನಂತೆ. ಇವರು ಬೇರೆ ಅಂಗಡಿಯಿಂದ ಹೊಸ ಪೆನ್ನು ತಂದರು. ಗೆದ್ದು ಬಂದವರ ಹಾಗೆ ಫ್ರಿಜ್‌ನಲ್ಲಿಟ್ಟರು.

ಜನವರಿ 8, ಗುರುವಾರ

ಹೊಸ ಡೋಸ್.

ಜನವರಿ 10

ವಾಂತಿ. ಕೊಳೆತ ತತ್ತಿಯಂಥ ತೇಗು. ಕುಡಿದ ನೀರೂ ನಿಲ್ಲುತ್ತಿಲ್ಲ. ಅತ್ತೆ ನಿಂಬೆಹಣ್ಣು ಹಿಂಡಿ ಕೊಟ್ಟು ಬೆನ್ನು ಸವರಿದರು. “ಯಾಕ ಬೇಕಿತ್ತವಾ ಇದು. ದುಂಡೇಶ ಏನರ ಅಂದನೇನು ನಿನಗ, ದಪ್ಪ ಅಂತ?”

“ಇಲ್ರಿ.”

“ಮತ್ತ? ನಾ ಚಾಷ್ಟಿ ಮಾಡಿದ್ದು ಮನಸ್ಸಿಗೆ ಹಚಗೊಂಡೀಯೇನು?”

ಅದೂ ಅಲ್ಲ. ಹೇಗೆ ಹೇಳಲಿ. ಮತ್ತೊಂದು ಕೂಸು ಗಾಜಿನ ಪೆಟ್ಟಿಗೆಗೆ ಹೋಗಬಾರದೆಂದು... ಈ ಕೂಸಿಗೆ ತಾಯಿ ಬೇಗ ಸಾಯಬಾರದೆಂದು... ಅದಕ್ಕಾಗಿಯೇ ಸೂಜಿ. ಮತ್ತು ಅದೇ ಅಂಜಿಕೆಗೆ ಖೋಲಿಯ ಬಾಗಿಲು.

ವಾಂತಿಯಾದ ಮೇಲೆ ಮೈ ನಡುಗಿತು. ನಡುಕಕ್ಕೆ ಮತ್ತೆ ಬೆಲ್ಲ ತಿಂದೆ. ಅದೂ ಹೊರಬಂತು.

ಜನವರಿ 12, ಸೋಮವಾರ

ನಳಕ್ಕೆ ನೀರು ಬಂದಾಗ ಜೋಹರಾಬಿ ಚಾಚಿ ಕೊಡ ಹಿಡಿದು ನಿಂತಿದ್ದರು. ಅತ್ತೆಗೆ ಹೇಳುವವರ ಹಾಗೆ ನನಗೆ ಹೇಳಿದರು. “ಏನ್ ತಿಪ್ಪವ್ವಾ, ಸೊಸಿ ತವರಿಗೆ ಹೋಗಿ ಬಂದಳಂತ, ನಮ್ಮ ಮನಿ ಹಾದಿ ಮರತೀರೇನು? ನಿಮ್ಮ ಮಗ ನೋಡಿದ್ರ ನನ್ನ ಮಗಗ ಕಳ್ಳ ಅಂತಾನ. ಬುತ್ತಿ ನೋಡಿದ್ರ ಬರಲೇ ಇಲ್ಲ. ಏನ್ ತಪ್ಪ್ ಮಾಡೇವಿ ನಾವು, ಹೇಳಿಬಿಡ್ರಿ.”

ಅತ್ತೆ ತಲೆ ತಗ್ಗಿಸಿದರು. ನಳದ ಮುಂದೆ ಅತ್ತೆ ಎಂದೂ ತಲೆ ತಗ್ಗಿಸಿದವರಲ್ಲ. “ಬೀಗತಿಗೆ ಆರಾಮಿಲ್ಲ ಜೋಹರಾಬಿ. ಕೈ ಬ್ಯಾನಿ.”

“ಅಯ್ಯ, ಹಂಗೇನು. ಮುಲಾಮು ಕಳಸ್ತೇನಿ. ಅಶ್ಫಾಕನ ಅಂಗಡೀದು — ಕೆಟ್ಟಿರೂದಿಲ್ಲ ಅದು.”

ಸಂಜೆ ಮುಲಾಮು ಬಂತು. ಖರೆಯೇ ಬಂತು. ಅವ್ವನ ಕೈಗೆಂದು.

ಜನವರಿ 15 — ಸಂಕ್ರಮಣ

ಕುಸರೆಳ್ಳು ಕೊಟ್ಟು ತಗೊಂಡು ಆಯಿತು. ಅಡಿಗೆ ಆಯಿತು. ಹೊಟ್ಟೆ ಇನ್ನೂ ಸರಿಯಿಲ್ಲ. ಇಂದು ಗುರುವಾರ, ಆದರೂ ಸೂಜಿ ಚುಚ್ಚಿಕೊಳ್ಳಲಿಲ್ಲ. ಕೈ ಬರಲಿಲ್ಲ.

ಅತ್ತೆ ಸಿಂಚನಾಳ ಕೈಗೆ ಒಂದು ಎಳ್ಳುಂಡಿ ಕೊಟ್ಟರು. ಎಲ್ಲರೂ ಪಡಸಾಲೆಯಲ್ಲಿ. ಅವಳು ಉಂಡಿ ಹಿಡಿದು ತಪ್ಪು ತಪ್ಪು ಹೆಜ್ಜೆ ಹಾಕುತ್ತಾ ಕಾಳಿನ ಖೋಲಿಯತ್ತ ಹೊರಟಳು. ಆಟವೆಂದುಕೊಂಡೆವು. ಅತ್ತೆ ಹಿಂದೆ ಹೋದರು. “ಏ ರಾಜಶ್ರೀ, ಬಾ ಇಲ್ಲಿ ಮಜಾ ನೋಡು ಬಾ.”

ಬಾಗಿಲ ಹಿಂದೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಎರಡೂ ಕೈಯಲ್ಲಿ ಉಂಡಿ ಮುಚ್ಚಿ ಹಿಡಿದು ತಿನ್ನುತ್ತಿದ್ದಳು. ತಿಂದು, ಲಂಗದ ತುದಿ ಎತ್ತಿ ಬಾಯಿಗೆ ಒತ್ತಿಕೊಂಡಳು. ಆಮೇಲೆ ತಿರುಗಿ ನನ್ನನ್ನು ನೋಡಿ ನಕ್ಕಳು. ಸರಿಯಾಗಿ ಮಾಡಿದೆನಲ್ಲ ಎಂಬಂತೆ.

ಇವರು ಬಿದ್ದು ಬಿದ್ದು ನಕ್ಕರು. ಮೊಬೈಲ್ ತರಲು ಓಡಿದರು.

ಅತ್ತೆ ನಗುತ್ತಲೇ ಕೇಳಿದರು, “ಇದನ್ನ ಎಲ್ಲಿ ಕಲತಾಳವಾ ಇಕಿ?” ಕೇಳಿ ಮುಗಿಸುವಷ್ಟರಲ್ಲಿ ನಗು ಹೋಗಿತ್ತು. ನನ್ನ ಸೆರಗು ನೋಡಿದರು. ಮೂಲೆಯ ಆ ದೊಡ್ಡ ಡಬ್ಬಿ ನೋಡಿದರು. ಮೊಮ್ಮಗಳನ್ನು ಎತ್ತಿಕೊಂಡು, ಬಾಯಿ ಒರೆಸಿ, ಪಡಸಾಲೆಯ ನಟ್ಟನಡುವೆ ಕೂರಿಸಿದರು. ಇನ್ನೊಂದು ಉಂಡಿ ಕೈಗಿಟ್ಟರು. “ಇಲ್ಲಿ ಕುಂತು ತಿನ್ನು ನನ್ನವ್ವಾ. ಎಲ್ಲಾರ ಮುಂದ ತಿನ್ನು.”

ಜನವರಿ 16, ಶುಕ್ರವಾರ

ಅವ್ವ ಅತ್ತೆಯ ಫೋನಿಗೆ ಮಾಡಿದಳು. ಹಬ್ಬದ ಮಾತಿಗೆ. ನಾನು ಒಲೆಯ ಮುಂದೆ. ಅತ್ತೆಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕುತ್ತಾರೆ.

“ಅಲ್ರಿ ಅಕ್ಕಾರ, ಕೇಳೂದ ಮರತಿದ್ದೆ. ಬುತ್ತಿ ಎಲ್ಲಾ ಮನಿಗೂ ಮುಟ್ಟಿತೇನ್ರಿ? ಈ ಸಲ ಓಣಿಗೆಲ್ಲಾ ಸಾಲಲಿ ಅಂತ ಹೆಚ್ಚಿಗೇ ಮಾಡಿದ್ದೆ.”

ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಕೈ ನಿಂತಿತು. ಅತ್ತೆ ನನ್ನತ್ತ ನೋಡಲಿಲ್ಲ.

“ಮುಟ್ಟಿತ್ರಿ. ಎಲ್ಲಾರಿಗೂ ಮುಟ್ಟಿತು. ಓಣ್ಯಾಗ ಇನ್ನೂ ನಿಮ್ಮ ಹೋಳಿಗಿ ಮಾತ ಐತ್ರಿ.”

ಅವ್ವ ನಕ್ಕಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಕ್ಕದ್ದು ಕೇಳಿದೆ.

ಫೋನ್ ಇಟ್ಟ ಮೇಲೆ ಅತ್ತೆ ಬಂದು ಪಕ್ಕದಲ್ಲಿ ಕುಳಿತು ಉಳಿದ ಉಳ್ಳಾಗಡ್ಡಿ ಹೆಚ್ಚಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

“ಬುತ್ತಿ ನಿಮ್ಮವ್ವಂದು, ತಿಂದಾಕಿ ಮಗಳು. ಅದಕ್ಕ ನಾ ಏನೂ ಅನ್ನಾಂಗಿಲ್ಲ,” ಎಂದರು. “ಖರೆ, ಹಬ್ಬದ ಮರುದಿನ ನನ್ನ ಬಾಯಾಗ ಸುಳ್ಳು ಇಟ್ಟಿ ನೋಡು. ಅದು ನನ್ನ ಸುಳ್ಳಲ್ಲವಾ, ನಿಂದು. ನೀನ ಇಳಿಸಬೇಕು.”

“ಹೂಂರಿ.”

“ಮೊದಲ ಡಾಕ್ಟರಗ ಹೇಳು. ವಾಂತಿ ಮಾಡಿ ಮಾಡಿ ಕಣ್ಣು ಒಳಗ ಹೋಗ್ಯಾವು.”

ಜನವರಿ 18, ರವಿವಾರ

ಅತ್ತೆಯೇ ಜೊತೆಗೆ ಬಂದರು. ಬಸ್ಸಿನಲ್ಲಿ ಸಿಂಚನಾ ಅವರ ತೊಡೆಯ ಮೇಲೆ. ಹೊರಡುವ ಮೊದಲು ಇವರಿಗೆ ಹೇಳಿದ್ದೆ. ಇವರು ಬಹಳ ಹೊತ್ತು ಬೂಟಿನ ಲೇಸು ಕಟ್ಟಿದರು. “ಹಂಗಾರ ಅಶ್ಫಾಕಗ ನಾ ಏನಂತ ಹೇಳಲಿ?” ಎಂದರು. ಅಷ್ಟೇ.

ಡಾಕ್ಟರಿಗೆ ಎಲ್ಲ ಹೇಳಿದೆ. ಖೋಲಿ, ಬಾಗಿಲು, ಬುತ್ತಿ. ಹೇಳುವಾಗ ಅವರ ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಿದ್ದೆ.

“ನೀವು ಹೇಳಿದ್ದನ್ನ ನಂಬಿ ನಾ ಡೋಸ್ ಏರಿಸಿದ್ದು,” ಎಂದರು. ದನಿ ಏರಿಸಲಿಲ್ಲ. “ಇನ್ನ ಒಂದೆರಡು ವಾರ ಹಿಂಗ ಹೋಗಿದ್ರ ಸಲೈನ್ ಹಚ್ಚಬೇಕಾಗತಿತ್ತು.” ಮತ್ತೆ ಹಳೆಯ ಡೋಸ್ ಬರೆದರು. ಹೊಟ್ಟೆ ಪೂರ್ತಿ ಸರಿಯಾಗುವವರೆಗೆ ಅದೂ ಬೇಡ.

“ಈ ಔಷಧ ಹಸಿವು ತಡೀತೈತ್ರಿ. ಕೆಲವರಿಗೆ ತಿನ್ನೂ ಆಸೀನೂ ಕಡಿಮಿ ಮಾಡತೈತಿ. ನೀವು ತಿನ್ನೂದು ಎರಡಕ್ಕೂ ಅಲ್ಲ, ಅಂಜಿಕಿಗೆ. ಅದಕ್ಕ ಬ್ಯಾರೆ ದವಾ.”

“ಹಾಲು ಬಿಡಿಸಿದ್ದು ಹಾಳಾತಲ್ರಿ ಮೇಡಂ.” ಕೇಳಬಾರದೆಂದುಕೊಂಡಿದ್ದೆ. ಬಾಯಿಗೆ ಬಂತು.

“ಕೂಸು ಉಣ್ಣತೈತಿಲ್ಲ?”

“ಉಣ್ಣತಾಳ್ರಿ.”

“ಮತ್ತ ಕೂಸಿನ ಮಾತು ಸಾಕು. ನೀವು ಮಲಗಿ ಎಷ್ಟ್ ದಿನ ಆತು, ಅದನ್ನ ಹೇಳ್ರಿ.”

ಅವರು ಟಿಶ್ಯೂ ಡಬ್ಬಿ ಈಚೆ ಸರಿಸಿದರು. ಮನಸ್ಸಿನ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅತ್ತೆಯನ್ನು ಒಳಗೆ ಕರೆದು, ರಾತ್ರಿ ಕೂಸು ಯಾರ ಹತ್ತಿರ ಮಲಗಬಹುದೆಂದು ಕೇಳಿದರು. ಅತ್ತೆ ಎಂದರು, “ನನ್ನ ಕಡೆ ಕೊಡು ಅಂತ ಹೇಳಿ ಸಾಕಾಗೇತ್ರಿ. ಕೊಡೂದಿಲ್ಲಿಕಿ. ನನ್ನ ಕೈಯಾಗ ಉಸರ ನಿಂತೀತು ಅಂತ ಅಂಜತಾಳ.”

ನನಗೆ ಗೊತ್ತಿರಲಿಲ್ಲ, ಅವರಿಗೆ ಇದು ಗೊತ್ತಿತ್ತೆಂದು.

ಜನವರಿ 19

ಇವರು ಅಶ್ಫಾಕನ ಅಂಗಡಿಗೆ ಹೋಗಿ ಬಂದರು. ಏನು ಮಾತಾಯಿತೋ ಹೇಳಲಿಲ್ಲ. ಕೈಯಲ್ಲಿ ಓ.ಆರ್.ಎಸ್. ಪೊಟ್ಟಣ ಇತ್ತು. “ಅಂವಾ ಕೊಟ್ಟ. ನಿನಗ.”

ನಾನು ಎದುರು ಮನೆಗೆ ಹೋಗಬೇಕು. ಖಾಲಿ ಕೈಯಲ್ಲಿ ಹೇಗೆ ಹೋಗುವುದು. ಹಾಗೆ ಅತ್ತೆಗೆ ಹೇಳಿದರೆ, “ಬಾಯಿ ತಗೊಂಡು ಹೋಗು ಸಾಕು,” ಎಂದರು. ಹೋದೆ. ಚಾಚಿ ಪೂರ್ತಿ ಕೇಳಿದರು. “ಅಷ್ಟೂ ಒಬ್ಬಾಕಿನ?” ಎಂದರು. ಹೂಂ ಎಂದೆ. ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು, ಆಮೇಲೆ ನನ್ನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ.

ಇನ್ನು ಅವ್ವ.

ಜನವರಿ 21, ಬುಧವಾರ — ಮುಂಜಾನೆ

ನಿನ್ನೆ ರಾತ್ರಿ ಸಿಂಚನಾ ಅತ್ತೆಯ ಹತ್ತಿರ ಮಲಗಿದಳು. ಎರಡು ಸಲ ಹೋಗಿ ಬಾಗಿಲಲ್ಲಿ ನಿಂತೆ. ಎರಡನೆಯ ಸಲ ಅತ್ತೆ ಕಣ್ಣು ಮುಚ್ಚಿಕೊಂಡೇ ಎಂದರು, “ಉಸರ ಐತಿ. ಹೋಗು.” ಹೋದೆ. ಸ್ವಲ್ಪ ನಿದ್ದೆ ಬಂತೇನೋ. ಕಾಳಿನ ಖೋಲಿಗೆ ಹೋಗಲಿಲ್ಲ. ಹೋಗಬೇಕೆನಿಸಲಿಲ್ಲ ಎಂದಲ್ಲ.

ಈಗ ಅವ್ವನಿಗೆ ಫೋನ್ ಮಾಡಿದೆ. ಎತ್ತಿದವಳೇ ಎಂದಿನಂತೆ ಅದನ್ನೇ ಕೇಳಿದಳು — “ಉಂಡಿಯೇನವಾ?” ಯಾವಾಗಲೂ ಹೂಂ ಎಂದು ಮುಂದೆ ಹೋಗುತ್ತೇನೆ. ಇಂದು ಹೋಗಲಿಲ್ಲ. ನಿಂತಲ್ಲೇ ನಿಂತು ಎಲ್ಲ ಹೇಳಿದೆ. ಬುತ್ತಿ ಯಾರಿಗೂ ಮುಟ್ಟಲಿಲ್ಲವೆಂದು. ನಿನ್ನ ಕೈಬೇನೆಯ ನೆಪ ಹೇಳಿದೆನೆಂದು. ಅತ್ತೆ ನನ್ನ ಸಲುವಾಗಿ ಸುಳ್ಳು ಹೇಳಿದರೆಂದು.

ಕಟ್ ಆಯಿತೇನೋ ಎಂದು ಫೋನ್ ನೋಡಿದೆ. ಆಗಿರಲಿಲ್ಲ. ಅವ್ವನ ಹಿತ್ತಲ ಕೋಳಿ ಕೇಳಿಸುತ್ತಿತ್ತು.

“ಹೂಂ,” ಎಂದಳು ಕೊನೆಗೆ. “ಯಾರೂ ತಿಂದಿಲ್ಲಂದ ಮ್ಯಾಲೆ ನೀನ ಹೇಳಬೇಕು. ಈ ಸಲ ಬೆಲ್ಲ ಹೊಸಾದು, ಕೈಯೂ ನೆಟ್ಟಗಿರಲಿಲ್ಲ. ನನಗ ಮನಸ್ಸಿನಾಗ ಕಾಡಾಕತ್ತಿತ್ತು. ಹೋಳಿಗಿ ಹೆಂಗಾಗಿದ್ದು? ಸಿಹಿ ಸರಿ ಇತ್ತೇನು?”

ನೆನಪು ಮಾಡಿಕೊಂಡೆ. ಖೋಲಿಯ ಕತ್ತಲೆ ನೆನಪಿದೆ. ಡಬ್ಬಿಯ ಮುಚ್ಚಳದ ಸದ್ದು ನೆನಪಿದೆ. ಸೆರಗು ಬಾಯಿಗೆ ಒತ್ತಿಕೊಂಡದ್ದು ನೆನಪಿದೆ. ಅಷ್ಟೂ ತಿಂದವಳು ನಾನೇ, ಆದರೆ ಅವ್ವನ ಹೋಳಿಗೆಯ ಸಿಹಿ ನೆನಪಿಲ್ಲ.